ಸೀಟಿನ ಕೆಳಗೆ

ಪೆಟ್ಟಿಗೆಯ ಮೇಲೆ ‘ಚಾಲಕನ ಬದಿ’ ಎಂದು ಇಂಗ್ಲಿಷಿನಲ್ಲಿ ದಪ್ಪಕ್ಷರಗಳಲ್ಲಿ ಬರೆದಿತ್ತು. ಕಾರು ಓಡಿಸುವವನು ನಾನೇ, ಹಾಗಾದರೆ ಬದಿಯೂ ನನ್ನದೇ ಎಂದುಕೊಂಡು ದುಡ್ಡು ಕಟ್ಟಿದ್ದೆ, ಸುಂಕ ಕಟ್ಟಿದ್ದೆ, ಐದು ವಾರ ಕಾದಿದ್ದೆ. ಹೊಸೂರಿನ ನಮ್ಮ ಮನೆಯ ಜಗಲಿಯ ಮೇಲೆ ಪೆಟ್ಟಿಗೆ ಬಿಚ್ಚಿ, ರೇಸ್ ಸೀಟನ್ನು ಕಾರಿನ ನೆಲಕ್ಕೆ ಬಿಗಿಯುವ, ಕಪ್ಪು ಬಣ್ಣ ಬಳಿದ ಆ ಉಕ್ಕಿನ ಚೌಕಟ್ಟನ್ನು ಮಗುವಿನಂತೆ ಎತ್ತಿಕೊಂಡು ಹೋಗಿ ಕಾರಿನ ನೆಲದ ಮೇಲಿಟ್ಟರೆ ಒಂದು ಕಾಲೂ ತೂತಿನ ಮೇಲೆ ಕೂರಲಿಲ್ಲ. ತಿರುಗಿಸಿದೆ. ಹಿಂದುಮುಂದು ಮಾಡಿದೆ. ಬಾಗಿಲ ಕಡೆ ಕೂರಬೇಕಾದ ಕಾಲು ಗೇರಿನ ಕಡೆಗೆ, ಗೇರಿನ ಕಡೆಯದು ಬಾಗಿಲಿಗೆ ಹೋಗುತ್ತಿತ್ತು. ಈ ಚೌಕಟ್ಟು ಮಾಡಿದವರ ದೇಶದಲ್ಲಿ ಚಾಲಕ ಎಡಗಡೆ ಕೂರುತ್ತಾನೆ ಎಂಬುದು ಹೊಳೆಯಲು ನನಗೆ ಅರ್ಧ ಗಂಟೆ ಬೇಕಾಯಿತು.

ನಮ್ಮದು ‘ಯಾವ ಬದಿ’ ಎಂಬ ಪ್ರಶ್ನೆಯ ಮೇಲೆಯೇ ನಿಂತ ಊರು. ಜೂಜುವಾಡಿ ದಾಟಿದರೆ ಅತ್ತಿಬೆಲೆ, ಅಂದರೆ ಕರ್ನಾಟಕ. ಈಚೆ ಬದಿಗೆ ನಾವು, ತಮಿಳುನಾಡು, ವಾಹನದ ಫಲಕದಲ್ಲಿ ಟಿಎನ್ 70. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ತಾಲ್ಲೂಕು ಕಚೇರಿಯಲ್ಲಿ ತಮಿಳು. ಇಂಥ ಕಡೆ ಹುಟ್ಟಿ ಬೆಳೆದವನು ಪೆಟ್ಟಿಗೆಯ ಮೇಲಿನ ಎರಡು ಪದಗಳನ್ನು ಕಣ್ಣುಮುಚ್ಚಿ ನಂಬಿದೆ ಎಂದು ಅಪ್ಪನ ಮುಂದೆ ಒಪ್ಪಿಕೊಂಡಾಗ ಅವರು ನಗಲೂ ಇಲ್ಲ. ಲಾರಿ ಕಾರ್ಖಾನೆಯ ಜೋಡಣೆ ವಿಭಾಗದಲ್ಲಿ ಮೂವತ್ತು ವರ್ಷ ದುಡಿದವರು ಅವರು. ಚೌಕಟ್ಟನ್ನು ಕೈಯಲ್ಲಿ ತೂಗಿ ನೋಡಿ, ಬೆಸುಗೆಯ ಗೆರೆಯ ಮೇಲೆ ಉಗುರು ಆಡಿಸಿ, “ಮಾಲು ಚೆನ್ನಾಗಿದೆ, ತಪ್ಪಿರುವುದು ನೀನು” ಎಂದು ಒಳಗೆ ಹೋದರು.

ಕಾರು ಮಾರುತಿ ಎಸ್ಟೀಮ್. 1994ರಿಂದ 2007ರವರೆಗೆ ನಮ್ಮಲ್ಲಿ ಮಾರಾಟವಾದ, ಒಂದು ಕಾಲಕ್ಕೆ ಮದುವೆ ಮನೆಯ ಮುಂದೆ ನಿಂತರೆ ಗೌರವ ತರುತ್ತಿದ್ದ ಅದೇ ಕಾರು. ಮೂಲದಲ್ಲಿ ಅದು ಸುಜುಕಿಯ ಕಲ್ಟಸ್. ಹೊರದೇಶಗಳಲ್ಲಿ ಅದೇ ಕಾರು ಸ್ವಿಫ್ಟ್ ಎಂಬ ಹೆಸರಿನಲ್ಲಿ ಓಡಿತು. ಇಲ್ಲಿ 2005ರಲ್ಲಿ ಬಂದ ಸ್ವಿಫ್ಟ್ ಬೇರೆಯೇ. ಆ ಹಳೆಯ ಸ್ವಿಫ್ಟಿನ ನೆಲವೂ ನನ್ನ ಎಸ್ಟೀಮಿನ ನೆಲವೂ ಒಂದೇ ಕುಲದವು ಎಂಬ ಲೆಕ್ಕದಲ್ಲಿಯೇ ನಾನು ಅದರ ಚೌಕಟ್ಟನ್ನು ತರಿಸಿದ್ದು. ಲೆಕ್ಕ ಸರಿಯಾಗಿಯೇ ಇತ್ತು, ಅದು ಮುಂದೆ ಗೊತ್ತಾಯಿತು. 1.3 ಲೀಟರ್ ಎಂಜಿನ್, ಒಂದು ಟನ್ನಿಗೂ ಕಡಿಮೆ ತೂಕ: ನಮ್ಮ ದೇಶದ ರೇಸಿನವರು ವರ್ಷಗಟ್ಟಲೆ ಈ ಕಾರನ್ನು ಉಜ್ಜಿ ಉಜ್ಜಿ ಓಡಿಸಿದ್ದಾರೆ. ನನ್ನದು ಕೊಯಮತ್ತೂರಿನ ಹವ್ಯಾಸಿಯೊಬ್ಬರ ಕೈಯಿಂದ ಬಂದದ್ದು. ಒಳಗೆ ಉಕ್ಕಿನ ಪೈಪಿನ ಪಂಜರವಿತ್ತು, ಕಾರ್ಪೆಟ್ ಇರಲಿಲ್ಲ, ಹಿಂದಿನ ಸೀಟಿರಲಿಲ್ಲ. ಚಾಲಕನಿಗೆ ಮಾತ್ರ ಕಾರ್ಖಾನೆಯ ಅದೇ ಮೆತ್ತನೆಯ ಸೀಟು. ಈ ಕಾರು ರಸ್ತೆಗಿಳಿಯುವುದಿಲ್ಲ. ಲಾರಿಯ ಬೆನ್ನೇರಿ ಟ್ರ್ಯಾಕಿಗೆ ಹೋಗಿ ಲಾರಿಯ ಬೆನ್ನೇರಿ ಮರಳುತ್ತದೆ.

ಟ್ರ್ಯಾಕ್ ಎಂದರೆ ಇರುಂಗಾಟ್ಟುಕೋಟೈ, ಶ್ರೀಪೆರಂಬುದೂರಿನ ಬಳಿ. 1990ರಲ್ಲಿ ಆರಂಭವಾದದ್ದು; ಅದಕ್ಕೂ ಮುಂಚೆ ಮದರಾಸಿನ ರೇಸುಗಳು ಶೋಳಾವರದ ಹಳೆಯ ವಿಮಾನಪಟ್ಟಿಯ ಮೇಲೆ ನಡೆಯುತ್ತಿದ್ದವು. ಒಂದು ಸುತ್ತಿಗೆ 3.7 ಕಿಲೋಮೀಟರ್, ಹನ್ನೆರಡು ತಿರುವು. ನಾನು ಅಲ್ಲಿಗೆ ಹೊರಟಾಗಲೆಲ್ಲ ಅಮ್ಮ ನೆರೆಯವರಿಗೆ “ಮಗ ಶ್ರೀಪೆರಂಬುದೂರಿಗೆ ಹೋಗಿದ್ದಾನೆ” ಎಂದಷ್ಟೇ ಹೇಳುತ್ತಾರೆ. ರಾಮಾನುಜರು ಹುಟ್ಟಿದ ಊರಿಗೆ ಪದೇ ಪದೇ ಹೋಗುವ ಭಕ್ತ ಎಂದು ಕೇಳಿದವರು ತಿಳಿದುಕೊಂಡರೆ ಅದಕ್ಕೆ ಅಮ್ಮ ಹೊಣೆಯಲ್ಲ.

ಅಲ್ಲಿನ ಮೊದಲ ತಿರುವು ವೇಗದ ಬಲ ತಿರುವು. ಕಾರು ಬಲಕ್ಕೆ ಹೋಗುತ್ತದೆ, ಒಳಗಿನ ಮನುಷ್ಯ ಎಡಕ್ಕೆ ಜಾರುತ್ತಾನೆ. ಒಳ್ಳೆಯ ಟೈರು ಹಾಕಿದ ಸಾಮಾನ್ಯ ಕಾರು ಕೂಡ ತಿರುವಿನಲ್ಲಿ ನಮ್ಮ ತೂಕದ ಹತ್ತಿರ ಹತ್ತಿರದಷ್ಟೇ ಬಲದಿಂದ ನಮ್ಮನ್ನು ಪಕ್ಕಕ್ಕೆ ತಳ್ಳಬಲ್ಲದು. ಎಪ್ಪತ್ತು ಕಿಲೋದ ಒಬ್ಬ ಮನುಷ್ಯ ಹೆಗಲಿಗೆ ಹೆಗಲು ಕೊಟ್ಟು ಒರಗಿ ನೂಕಿದಂತೆ. ಕಾರ್ಖಾನೆಯ ಸೀಟಿಗೆ ಅದನ್ನು ತಡೆಯುವ ಉದ್ದೇಶವೇ ಇಲ್ಲ. ಅದು ಹತ್ತಿ ಇಳಿಯಲು ಸುಲಭವಾಗಲಿ ಎಂದು ಮಾಡಿದ್ದು. ಹಾಗಾಗಿ ನಾನು ಎಡ ಮಂಡಿಯನ್ನು ಎರಡು ಸೀಟಿನ ನಡುವೆ ನೆಲ ಉಬ್ಬಿರುವ ಟನಲ್ಲಿಗೆ ಒತ್ತಿಕೊಂಡು, ಸ್ಟಿಯರಿಂಗನ್ನು ಬಸ್ಸಿನ ಕಂಬ ಹಿಡಿದಂತೆ ಹಿಡಿದುಕೊಂಡು ಓಡಿಸುತ್ತಿದ್ದೆ. ಸಂಜೆ ಮಂಡಿಯ ಮೇಲೆ ನೇರಳೆ ಹಣ್ಣಿನ ಬಣ್ಣ. ಅದಕ್ಕಿಂತ ಕೆಟ್ಟದ್ದು, ಸ್ಟಿಯರಿಂಗಿಗೆ ನೇತುಬಿದ್ದ ಕೈಗೆ ಮುಂದಿನ ಚಕ್ರಗಳು ಏನು ಹೇಳುತ್ತಿವೆ ಎಂಬುದು ತಿಳಿಯುತ್ತಲೇ ಇರಲಿಲ್ಲ. ಎರಡು ವರ್ಷ ನಾನು ಕಾರಿನ ಮುಂಭಾಗ ಜಡ ಎಂದು ದೂರಿದೆ. ಸ್ಪ್ರಿಂಗ್ ಬದಲಿಸಿದೆ, ಟೈರಿನ ಗಾಳಿ ಏರಿಸಿ ಇಳಿಸಿದೆ. ಜಡವಾಗಿದ್ದದ್ದು ನನ್ನ ಮುಂಗೈ.

ಸೀಟು ಕೊಳ್ಳುವುದು ಸುಲಭದ ಭಾಗ. ಫೈಬರ್‌ನ ಒಂದೇ ಚಿಪ್ಪು, ಪಕ್ಕೆಗೂ ತೊಡೆಗೂ ರೆಕ್ಕೆ, ಬೆಲ್ಟು ತೂರಲು ಐದು ಕಿಂಡಿ. ಹಿಂಬದಿಯಲ್ಲಿ ಜಗತ್ತಿನ ಮೋಟಾರು ರೇಸುಗಳ ನಿಯಮ ಬರೆಯುವ ಎಫ್‌ಐಎ ಸಂಸ್ಥೆಯ ಚೀಟಿ: 8855-1999. ಆ ಮಾನದಂಡದ ಸೀಟಿಗೆ ತಯಾರಾದ ವರ್ಷದಿಂದ ಐದು ವರ್ಷ ಆಯುಸ್ಸು. ಬೆಂಗಳೂರಿನ ಕಡೆಯ ಅಲಂಕಾರದ ಅಂಗಡಿಗಳಲ್ಲಿ ಇದರಂತೆಯೇ ಕಾಣುವ, ಬೆನ್ನು ಹಿಂದಕ್ಕೆ ಮಡಚುವ, ಕೆಂಪು ದಾರದ ಹೊಲಿಗೆಯ ಸೀಟುಗಳು ಇದರ ಕಾಲುಭಾಗದ ಬೆಲೆಗೆ ಸಿಗುತ್ತವೆ. ಅದರ ಬಗ್ಗೆ ನನ್ನ ಅಭಿಪ್ರಾಯ ಸೌಮ್ಯವಾಗಿಲ್ಲ. ಅದು ಸೀಟಲ್ಲ, ವೇಷ. ವೇಷ ಹಾಕಿಕೊಂಡು ಸಿನಿಮಾಕ್ಕೆ ಹೋಗಬಹುದು, ಗೋಡೆಯ ಕಡೆಗೆ ಹೋಗಬಾರದು.

ಆದರೆ ಒಳ್ಳೆಯ ಸೀಟು ಕೊಂಡವರೂ ಅದರ ಕೆಳಗೆ ಬಗ್ಗಿ ನೋಡುವುದು ಕಡಿಮೆ. ನಾನೂ ನೋಡಿರಲಿಲ್ಲ. ಎಫ್‌ಐಎ ನಿಯಮವನ್ನು ಓದಿದ್ದೇ ಚೌಕಟ್ಟು ಕೈಕೊಟ್ಟ ಮೇಲೆ. ಓದಿದಾಗ ಗಂಟಲು ಒಣಗಿತು. ಆಧಾರ ಚೌಕಟ್ಟು ಕಾರಿನ ಮೈಗೆ ಕನಿಷ್ಠ ನಾಲ್ಕು ಕಡೆ ಕಚ್ಚಬೇಕು. ಸೀಟು ಆಧಾರಕ್ಕೆ ನಾಲ್ಕು ಕಡೆ, ಮುಂದೆರಡು ಹಿಂದೆರಡು. ಬೋಲ್ಟು 8 ಮಿಲಿಮೀಟರಿಗೆ ಕಡಿಮೆ ಇರಬಾರದು. ಆಧಾರದ ಉಕ್ಕು 3 ಮಿಲಿಮೀಟರ್ ದಪ್ಪ, ಅಲ್ಯೂಮಿನಿಯಂ ಜಾತಿಯದಾದರೆ 5. ನೆಲದ ಅಡಿಯಲ್ಲಿ ಪ್ರತಿ ಬೋಲ್ಟಿಗೂ ಒತ್ತುಫಲಕ, 40 ಚದರ ಸೆಂಟಿಮೀಟರಿನಷ್ಟು ಮುಟ್ಟಿಕೊಂಡಿರಬೇಕು. ಎರಡು ಬೆಂಕಿಪೊಟ್ಟಣ ಜೋಡಿಸಿಟ್ಟದ್ದಕ್ಕಿಂತ ಚೂರು ದೊಡ್ಡದು. ಮತ್ತು ಪ್ರತಿ ಹಿಡಿತವೂ ಯಾವ ದಿಕ್ಕಿಗೆ ಎಳೆದರೂ 15,000 ನ್ಯೂಟನ್ ತಾಳಬೇಕು. ಅಂದರೆ ಒಂದೂವರೆ ಟನ್. ನನ್ನ ಇಡೀ ಕಾರನ್ನು ಆ ಒಂದು ಮೂಲೆಗೆ ನೇತುಹಾಕಿ, ಮೇಲೆ ಇನ್ನೊಂದು ಅರ್ಧ ಕಾರು ಕಟ್ಟಿದಂತೆ.

ಇಲ್ಲಿ ಬೋಲ್ಟಿನದು ಸಮಸ್ಯೆಯಲ್ಲ. 8.8 ದರ್ಜೆಯ 8 ಮಿಲಿಮೀಟರಿನ ಒಂದು ಬೋಲ್ಟು ಎಳೆತಕ್ಕೆ ಎರಡು ಟನ್ನನ್ನು ನಿಭಾಯಿಸುತ್ತದೆ. ಆ ಬೋಲ್ಟು ಹಿಡಿದುಕೊಂಡಿರುವ ಕಾರಿನ ನೆಲವೇ ಒಂದು ಮಿಲಿಮೀಟರಿಗೂ ತೆಳುವಾದ ತಗಡು. ಸಣ್ಣ ವಾಷರ್ ಹಾಕಿ ಬಿಗಿದರೆ, ಪೆಟ್ಟು ಬಿದ್ದ ದಿನ ಬೋಲ್ಟು ತುಂಡಾಗುವುದಿಲ್ಲ. ನಾಣ್ಯದಷ್ಟು ತಗಡನ್ನು ಕಚ್ಚಿಕೊಂಡು ಸಲೀಸಾಗಿ ಮೇಲೆದ್ದು ಬರುತ್ತದೆ. ಫಲಕ ಇರುವುದು ಆ ಪೆಟ್ಟನ್ನು ಅಗಲಕ್ಕೆ ಹರಡಲು.

ಅಪ್ಪನೇ ನನ್ನನ್ನು ಬಾಗಲೂರು ರಸ್ತೆಯ ಕಡೆಯ ಒಬ್ಬ ಮೇಸ್ತ್ರಿಯ ಬಳಿಗೆ ಕಳುಹಿಸಿದರು. ಲಾರಿ ಕ್ಯಾಬಿನ್ನಿನ ಕೆಲಸದವರು, ಅರವತ್ತು ದಾಟಿದವರು. ಷೆಡ್ಡಿನ ಮುಂದೆ ಸೀಟಿಲ್ಲದ ಎರಡು ಲಾರಿ, ಬಾಗಿಲಿಲ್ಲದ ಒಂದು. ಸೀಟನ್ನು ತೋರಿಸಿದೆ. ಅವರು ಅದನ್ನು ಕಣ್ಣೆತ್ತಿ ನೋಡಲಿಲ್ಲ, ಕಾರಿನ ಒಳಗೆ ಮಂಡಿಯೂರಿ ನೆಲವನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋದರು, ಹಲಸಿನ ಹಣ್ಣು ತಟ್ಟಿ ನೋಡುವವರಂತೆ. ಒಂದು ಕಡೆ ಶಬ್ದ ಬದಲಾಯಿತು.

“ಇಲ್ಲಿ ತುಕ್ಕು ತಿಂದಿದೆ ತಮ್ಮಾ. ಮೇಲೆ ಬಣ್ಣ ಇದೆ, ಕೆಳಗೆ ಏನೂ ಇಲ್ಲ.”

“ಸೀಟು ಹಾಕಲು ಎಷ್ಟು ದಿನ ಆಗುತ್ತದೆ ಅಣ್ಣಾ?”

“ಸೀಟು ಒಂದು ಗಂಟೆ. ನೆಲ ನಾಲ್ಕು ದಿನ.”

ಅಂಗೈಯಗಲ ಕೊಳೆತ ತಗಡನ್ನು ಕತ್ತರಿಸಿ ತೆಗೆದು ಹೊಸದನ್ನು ಬೆಸೆಯುವುದರಲ್ಲೇ ಮೊದಲ ಎರಡು ದಿನ ಮುಗಿದವು. ಆಮೇಲೆ ಅಳತೆ. ನನ್ನದು ಮಿಲಿಮೀಟರ್, ಅವರದು ನೂಲು. ಅಂಗುಲದ ಎಂಟನೆಯ ಒಂದು ಭಾಗಕ್ಕೆ ನಮ್ಮ ಕಡೆ ಮರಗೆಲಸದವರೂ ಕಬ್ಬಿಣದವರೂ ನೂಲು ಎನ್ನುತ್ತಾರೆ. ಮೂರು ಮಿಲಿಮೀಟರ್ ಉಕ್ಕು ಬೇಕು ಎಂದು ನಿಯಮ ಓದಿ ಹೇಳಿದಾಗ ಅವರು ಮನಸ್ಸಿನಲ್ಲೇ ಲೆಕ್ಕ ಹಾಕಿ, “ಒಂದು ನೂಲು. ಬರೆದವನಿಗೆ ಕೆಲಸ ಗೊತ್ತಿದೆ” ಎಂದು ಒಪ್ಪಿಗೆ ಕೊಟ್ಟರು. ಪ್ಯಾರಿಸಿನಲ್ಲಿ ಕೂತು ಬರೆದ ನಿಯಮಕ್ಕೆ ಬಾಗಲೂರು ರಸ್ತೆಯ ಮುದ್ರೆ ಬಿದ್ದದ್ದು ಹೀಗೆ. ಅಡಿಯ ಫಲಕಗಳಿಗೆ ಮಾತ್ರ ಒಂದು ನೂಲು ಸಾಲದು ಎಂದು ಎರಡು ನೂಲು ಹಾಕಿದರು. ಅನಗತ್ಯ ಭಾರ ಎಂದು ಗೊಣಗಿದೆ. “ಬೆಳಗ್ಗೆ ಎರಡು ಇಡ್ಲಿ ಕಡಿಮೆ ತಿನ್ನು” ಎಂದರು.

ತಪ್ಪು ಬದಿಯ ಚೌಕಟ್ಟನ್ನು ಅವರು ಎಸೆಯಲಿಲ್ಲ, ಅದನ್ನೇ ಮಾದರಿಯಾಗಿ ಇಟ್ಟುಕೊಂಡರು. ರಟ್ಟಿನ ಮೇಲಿಟ್ಟು ಸುತ್ತ ಗೆರೆ ಎಳೆದು, ರಟ್ಟನ್ನು ಮಗುಚಿದರು. ಎಡ ಬಲವಾಯಿತು. ಐದು ವಾರದ ನನ್ನ ಸಂಕಟಕ್ಕೆ ರಟ್ಟು ಮಗುಚುವಷ್ಟೇ ಪರಿಹಾರವಿತ್ತು ಎಂಬುದನ್ನು ನಿಂತು ನೋಡುವುದು ಅಷ್ಟು ಹಿತವಾಗಿರಲಿಲ್ಲ.

ಮುಂದಿನ ಎರಡು ಕಾಲು ಕೂರುವುದು ನೆಲದ ಅಡ್ಡಪಟ್ಟಿಯ ಮೇಲೆ. ಅದು ತಗಡನ್ನು ಮಡಚಿ ಮಾಡಿದ ಟೊಳ್ಳು ಪೆಟ್ಟಿಗೆ. ಅದರ ಮೂಲಕ ಉದ್ದನೆಯ ಬೋಲ್ಟು ಇಳಿಸಿ ಬಿಗಿದರೆ ಪೆಟ್ಟಿಗೆ ಅಪ್ಪಚ್ಚಿಯಾಗುತ್ತದೆ. ಅಪ್ಪಚ್ಚಿಯಾದಷ್ಟೂ ಬೋಲ್ಟು ಸಡಿಲ, ಸಡಿಲವಾದಷ್ಟೂ ಬಿಗಿ, ಮತ್ತೆ ಅಪ್ಪಚ್ಚಿ. ಮೇಸ್ತ್ರಿ ದಪ್ಪ ಪೈಪಿನ ತುಂಡನ್ನು ಲೇತಿನಲ್ಲಿ ಅಳತೆಗೆ ಕತ್ತರಿಸಿ ಟೊಳ್ಳಿನ ಒಳಗೆ ನಿಲ್ಲಿಸಿ ಬೆಸೆದರು. ಈಗ ಬೋಲ್ಟಿನ ಬಿಗಿತವೆಲ್ಲ ಪೈಪಿನ ಮೇಲೆ. ಹಿಂದಿನ ಎರಡು ಕಾಲಿಗೆ ಕೆಳಗಡೆ ಎರಡು ನೂಲಿನ ಫಲಕ, ಮೂಲೆಗಳನ್ನು ದುಂಡಗೆ ಉಜ್ಜಿದ್ದು. ಚೂಪು ಮೂಲೆ ತಗಡನ್ನು ಕೊಯ್ಯುತ್ತದೆ. ಸೀಟನ್ನು ಎಡಬಲದಿಂದ ಹಿಡಿಯುವ ಉಕ್ಕಿನ ಪಟ್ಟಿಗಳ ನಡುವೆ ಒಂದು ಅಡ್ಡಕೊಳವೆ. ಅದಿಲ್ಲದಿದ್ದರೆ ಎತ್ತರದ ಪಟ್ಟಿಗಳು ತಿರುವಿನಲ್ಲಿ ಬಾಳೆಎಲೆಯಂತೆ ತೂಗುತ್ತವೆ. ಎತ್ತರ ಸಾಲದಿದ್ದಲ್ಲಿ ನಾನು ವಾಷರುಗಳನ್ನು ಒಂದರ ಮೇಲೊಂದು ಪೇರಿಸಲು ಹೋದೆ. ಮೇಸ್ತ್ರಿ ಅವನ್ನು ನನ್ನ ಕೈಯಿಂದ ತೆಗೆದು ಡಬ್ಬಿಗೆ ಹಾಕಿ, ಒಂದೇ ಗಟ್ಟಿ ತುಂಡನ್ನು ಕಡೆದು ತಂದರು.

ಕೂರುವ ಭಂಗಿಗೆ ಒಂದು ಇಡೀ ಮಧ್ಯಾಹ್ನ ಹಿಡಿಯಿತು. ಬೆನ್ನು ಪೂರ್ತಿ ಒರಗಿದಾಗ ಮಣಿಕಟ್ಟು ಸ್ಟಿಯರಿಂಗಿನ ನೆತ್ತಿಯ ಮೇಲೆ ಕೂರಬೇಕು. ಕ್ಲಚ್ಚನ್ನು ತಳಮಟ್ಟ ತುಳಿದಾಗಲೂ ಮಂಡಿ ತುಸು ಮಡಚಿರಬೇಕು. ರಸಮಟ್ಟ ಇಟ್ಟು ನೋಡಿ, ಸ್ಟಿಯರಿಂಗಿನ ನಡುವಿನಿಂದ ಸೀಟಿನ ನಡುವಿಗೆ ದಾರ ಹಿಡಿದು ನೋಡಿ, ಸೀಟು ಒಂದೂವರೆ ನೂಲು ಬಾಗಿಲ ಕಡೆಗೆ ಸರಿದಿದೆ ಎಂದು ಕಂಡುಕೊಂಡೆವು. ಮೆತ್ತನೆಯ ಸೀಟಿನಲ್ಲಿ ಅಷ್ಟು ಓರೆ ಯಾರಿಗೂ ತಿಳಿಯದು. ಚಿಪ್ಪಿನಲ್ಲಿ ಇಪ್ಪತ್ತು ನಿಮಿಷ ಕೂತರೆ ಸೊಂಟ ಹೇಳುತ್ತದೆ. ತೂತುಗಳನ್ನು ಸರಿಸಿದೆವು. ಎಲ್ಲ ಮುಗಿಯಿತು, ಒಳಗೆ ಕೂತು ಸುಖಪಟ್ಟೆ. ಆಗ ಮೇಸ್ತ್ರಿ ಕೇಳಿದರು, “ತಲೆಗೆ ಏನೋ ಹಾಕಿಕೊಂಡು ಓಡಿಸುತ್ತೀರಲ್ಲ, ಅದು ಎಲ್ಲಿ?”

ಹೆಲ್ಮೆಟ್ ಮನೆಯಲ್ಲಿತ್ತು. ತಂದು ಹಾಕಿಕೊಂಡು ಕೂತರೆ ನೆತ್ತಿ ಪಂಜರದ ಪೈಪಿಗೆ ಟಕ್ ಎಂದಿತು. ಎಲ್ಲವನ್ನೂ ಬಿಚ್ಚಿ, ಪಕ್ಕದ ಪಟ್ಟಿಯ ಕೆಳಗಿನ ತೂತಿಗೆ ಸೀಟನ್ನು ಇಳಿಸಿ, ಹಿಂದಕ್ಕೆ ತುಸು ವಾಲಿಸಿ, ಮುಷ್ಟಿ ತೂರುವಷ್ಟು ಜಾಗ ಮಾಡುವ ಹೊತ್ತಿಗೆ ಚಂದ್ರಚೂಡೇಶ್ವರನ ಬೆಟ್ಟದ ಮೇಲೆ ದೀಪ ಹತ್ತಿತ್ತು. ಹಿಂದೆ ಮುಂದೆ ಸರಿಯುವ ಹಳಿಯನ್ನು ಹಾಕುವ ಆಸೆ ಅಲ್ಲಿಗೆ ಬಿಟ್ಟೆ. ಅದು ಎತ್ತರವನ್ನೂ ತಿನ್ನುತ್ತದೆ, ಅಲುಗಾಡಲು ಒಂದು ಕೀಲನ್ನೂ ಹೆಚ್ಚಿಸುತ್ತದೆ. ಈ ಕಾರು ಓಡಿಸುವವನು ನಾನೊಬ್ಬನೇ.

ನನ್ನ ದೊಡ್ಡ ತಪ್ಪು ಇನ್ನೂ ಬಾಕಿ ಇತ್ತು. ಚಿಪ್ಪಿನ ಪಕ್ಕದಲ್ಲಿ ನಾಲ್ಕು ಲೋಹದ ಮರೆ, ಅಂದರೆ ಒಳಗೆ ತಿರುಪಿನ ಗೆರೆಯಿರುವ ಕುಳಿ, ಇರುತ್ತವೆ; ಪಟ್ಟಿಯ ಬೋಲ್ಟು ಅದರೊಳಗೆ ಹೋಗಬೇಕು. ಸೀಟಿನೊಂದಿಗೆ ಬಂದ ಬೋಲ್ಟಿನಲ್ಲಿ ಒಂದು ಕಳೆದಿತ್ತು. ನಾನೇ ಅಂಗಡಿಯಿಂದ ಅದೇ ದಪ್ಪದ, ಅದೇ ದರ್ಜೆಯ ಬೋಲ್ಟು ತಂದು ಹಾಕಿದೆ. ಉದ್ದ ಮಾತ್ರ ಐದು ಮಿಲಿಮೀಟರ್ ಹೆಚ್ಚು. ಬೇಕಾದಷ್ಟು ಬಿಗಿತ ಸಿಕ್ಕಾಗ ಸದ್ದು ಮಾಡುವ ಟಾರ್ಕ್ ರೆಂಚು ಕಟ್ಟೆಂದಿತು. ಬಿಗಿಯಾಯಿತು ಎಂದೆ. ಅಪ್ಪ ಆ ದಿನ ಷೆಡ್ಡಿಗೆ ಬಂದಿದ್ದರು. ಸೀಟಿನ ಭುಜ ಹಿಡಿದು ಒಮ್ಮೆ ಅಲುಗಿಸಿ, ಸುಮ್ಮನೆ ಒಂದು ಬಿಳಿ ಹಾಳೆಯ ಚೂರನ್ನು ಹರಿದು ಪಟ್ಟಿಗೂ ಸೀಟಿಗೂ ನಡುವೆ ತೂರಿಸಿದರು. ಹಾಳೆ ಒಳಗೆ ಹೋಯಿತು.

ಬೋಲ್ಟು ಮರೆಯ ತಳಕ್ಕೆ ತಾಗಿ ನಿಂತಿತ್ತು. ರೆಂಚಿಗೆ ಸಿಕ್ಕ ಬಿಗಿತ ತಳದ್ದು, ಪಟ್ಟಿಯದ್ದಲ್ಲ. ಪಟ್ಟಿ ಸಡಿಲವಾಗಿಯೇ ಇತ್ತು. ನಾನು ಕಾರ್ಖಾನೆಯ ಗುಣಮಟ್ಟ ಪರೀಕ್ಷೆಯ ವಿಭಾಗದಲ್ಲಿ ಹತ್ತು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಪ್ರತಿದಿನ ಬೇರೆಯವರ ಬೋಲ್ಟು ನೋಡಿ ಸಹಿ ಹಾಕುತ್ತೇನೆ. ಆ ಹಾಳೆಯ ಚೂರನ್ನು ಜೇಬಿನಲ್ಲಿಟ್ಟುಕೊಂಡೆ. ಅಪ್ಪ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ, ಆಡಿದ್ದರೆ ಸುಲಭವಾಗುತ್ತಿತ್ತು.

ಬೆಲ್ಟಿನ ಕತೆಯನ್ನು ಚುಟುಕಾಗಿ ಹೇಳುತ್ತೇನೆ. ಅನೇಕ ಕಾರುಗಳಲ್ಲಿ ಮಾಮೂಲಿ ಬೆಲ್ಟಿನ ಬಕಲ್ ಇರುವುದು ಸೀಟಿಗೇ ಅಂಟಿಕೊಂಡು. ಸೀಟು ತೆಗೆದರೆ ಅದೂ ಹೋಗುತ್ತದೆ. ಹೊಸ ಕಾರಾದರೆ ಸೀಟಿನ ಪಕ್ಕದ ಏರ್‌ಬ್ಯಾಗೂ ಹೋಗುತ್ತದೆ. ಬಹು ಪಟ್ಟಿಯ ರೇಸ್ ಬೆಲ್ಟು ಹಾಕುವುದಾದರೆ ಪಂಜರ ಇರಲೇಬೇಕು. ಕಾರು ಮಗುಚಿ ಛಾವಣಿ ಕುಸಿದಾಗ ಮಾಮೂಲಿ ಬೆಲ್ಟಿನವನು ಪಕ್ಕಕ್ಕೆ ಬಾಗಬಲ್ಲ. ಇದರಲ್ಲಿ ಕಟ್ಟಿಸಿಕೊಂಡವನು ನೆಟ್ಟಗೆ ಕೂತೇ ಇರುತ್ತಾನೆ. ಹೆಗಲ ಪಟ್ಟಿ ಸೀಟಿನ ಬೆನ್ನಿನಿಂದ ಹಿಂದಕ್ಕೆ ಹೆಚ್ಚು ಇಳಿಜಾರಾಗಬಾರದು: 45 ಡಿಗ್ರಿ ಮೀರುವಂತಿಲ್ಲ, 10ರೊಳಗಿದ್ದರೆ ಒಳ್ಳೆಯದು. ಕಡಿದಾಗಿ ನೆಲಕ್ಕೆ ಕಟ್ಟಿದರೆ ಡಿಕ್ಕಿಯಾದಾಗ ಅದು ಬೆನ್ನುಮೂಳೆಯನ್ನು ಕೆಳಕ್ಕೆ ಹಿಂಡುತ್ತದೆ. ನನ್ನದನ್ನು ಪಂಜರದ ಅಡ್ಡಪೈಪಿಗೆ ಸುತ್ತಿದೆವು. ಇನ್ನೊಂದು ತಮಾಷೆ: ಸೀಟಿನ ಬೋಲ್ಟು ಮಿಲಿಮೀಟರಿನದು, ಬೆಲ್ಟಿನ ಬೋಲ್ಟು ಇಂದಿಗೂ ಅಂಗುಲದ್ದು, ಹದಿನಾರನೇ ಏಳು ಅಂಗುಲ. ಅದನ್ನು ಕೈಗಿಟ್ಟಾಗ ಮೇಸ್ತ್ರಿಯ ಮುಖ ಅರಳಿತು. “ಮೂರೂವರೆ ನೂಲು” ಎಂದರು, ಹಳೆಯ ನೆಂಟನನ್ನು ಕಂಡವರಂತೆ.

ಟ್ರ್ಯಾಕಿಗೆ ಹೋದ ದಿನದ ಬಗ್ಗೆ ಹೇಳುವುದು ಕಡಿಮೆ. ಮೊದಲ ಎರಡು ಸುತ್ತು ಕೆಟ್ಟದಾಗಿ ಓಡಿಸಿದೆ. ಎಡ ಮಂಡಿ ಹಳೆಯ ಅಭ್ಯಾಸದಂತೆ ಟನಲ್ಲನ್ನು ಹುಡುಕುತ್ತಿತ್ತು, ಆದರೆ ತೊಡೆಯ ರೆಕ್ಕೆ ಅದನ್ನು ಅಲ್ಲಿಗೆ ಹೋಗಗೊಡಲಿಲ್ಲ. ಮೂರನೆಯ ಸುತ್ತಿನ ಮೊದಲ ತಿರುವಿನಲ್ಲಿ ಬೆರಳುಗಳು ಸಡಿಲವಾಗಿರುವುದು ಗಮನಕ್ಕೆ ಬಂತು. ಮುಂದಿನ ಟೈರು ಸವರಿಕೊಂಡು ಹೋಗುವ ಸಣ್ಣ ನಡುಕ ಅಂಗೈಗೆ ಬರುತ್ತಿತ್ತು. ಹಿಂಭಾಗ ಹಗುರಾಗುವುದು ಕಣ್ಣಿಗೆ ಕಾಣುವ ಮೊದಲೇ ಪೃಷ್ಠಕ್ಕೆ ತಿಳಿಯುತ್ತಿತ್ತು. ಸಮಯ ಎಷ್ಟು ಕಡಿಮೆಯಾಯಿತು ಎಂದು ಗೆಳೆಯರು ಕೇಳಿದರು. ಬಿಸಿಲು ಬೇರೆ, ಟೈರು ಬೇರೆ, ಹೋಲಿಸಿ ಹೇಳುವುದು ನ್ಯಾಯವಲ್ಲ. ಸಂಜೆ ಮಂಡಿಯ ಮೇಲೆ ಕಲೆ ಇರಲಿಲ್ಲ, ಅಷ್ಟು ಹೇಳಬಲ್ಲೆ.

ಪ್ರತಿ ಬೋಲ್ಟಿನ ತಲೆಯಿಂದ ಪಟ್ಟಿಯವರೆಗೆ ಹಳದಿ ಬಣ್ಣದ ಗೆರೆ ಎಳೆದಿದ್ದೆ, ಕಾರ್ಖಾನೆಯಲ್ಲಿ ಎಳೆಯುವಂತೆಯೇ. ಬೋಲ್ಟು ತಿರುಗಿದರೆ ಗೆರೆ ಮುರಿಯುತ್ತದೆ. ಟ್ರ್ಯಾಕಿನ ಪಕ್ಕ ಕಾರು ನಿಲ್ಲಿಸುವ ಪಿಟ್ಟಿನ ನೆರಳಿನಲ್ಲಿ ಟಾರ್ಚು ಹಿಡಿದು ಬಗ್ಗಿ ಎಲ್ಲವನ್ನೂ ನೋಡಿದೆ. ಹಾಳೆಯ ಚೂರನ್ನೂ ಒಮ್ಮೆ ತೂರಿಸಲು ನೋಡಿದೆ. ಹೋಗಲಿಲ್ಲ.

ಮರಳಿ ಬಂದ ವಾರ ಮೇಸ್ತ್ರಿಗೆ ಬಾಕಿ ಹಣ ಕೊಡಲು ಹೋದಾಗ ಆ ಆಮದು ಚೌಕಟ್ಟು ಷೆಡ್ಡಿನ ಮೊಳೆಗೆ ನೇತಾಡುತ್ತಿತ್ತು. ಗುಜರಿಗೆ ಹಾಕಿಬಿಡಿ ಎಂದೆ. ಅವರು ಅದನ್ನು ಇಳಿಸಿ ಕಾರಿನ ಎಡಗಡೆಯ ನೆಲದ ಮೇಲಿಟ್ಟರು. ನಾಲ್ಕು ಕಾಲೂ ನಾಲ್ಕು ತೂತಿನ ಮೇಲೆ, ಅರ ಆಡಿಸುವ ಕೆಲಸವೂ ಇಲ್ಲದೆ, ಕೂತವು. ನಾನು ಬಾಯಿ ತೆರೆಯುವ ಮೊದಲೇ ಅವರು ಕಾರ್ಖಾನೆಯ ಹಳೆಯ ಸೀಟನ್ನು ಅದರ ಮೇಲೆ ಹೇಗೋ ಇಟ್ಟು, ಒಳಗೆ ಹತ್ತಿ ಕೂತು, ಕಿಟಕಿಯಿಂದ ಕೈ ಚಾಚಿ ಹುಡುಗನಿಗೆ ಎರಡು ಟೀ ಹೇಳಿದರು.